ಟ್ರೇಲ್ ಕ್ಯಾಮೆರಾ ಫೋಟೋ ತೋರಿಸಿ ಬೇಟೆ ಜಾಗ ಲೀಸ್‌ಗೆ ಕೊಡುವವರ ಬಗ್ಗೆ ಎಚ್ಚರ

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಜಾಗ ಹುಡುಕುತ್ತಿದ್ದೀರಾ? ಯಾರಾದರೂ ದೊಡ್ಡ ಕೊಂಬಿನ ಗಂಡು ಜಿಂಕೆಯ ಟ್ರೇಲ್ ಕ್ಯಾಮೆರಾ ಫೋಟೋ ಕಳಿಸಿ, "ಇದು ನಮ್ಮ ಜಾಗದ್ದೇ, ಅಡ್ವಾನ್ಸ್ ಹಾಕಿ" ಅಂದರೆ, ಒಂದು ಡಾಲರ್ ಹಾಕುವ ಮೊದಲು ಇದನ್ನು ಓದಿ. ನಾವು ಮೂವರು ಗೆಳೆಯರು ಓಹಾಯೋದಲ್ಲಿ 1,600 ಡಾಲರ್ ಕಳೆದುಕೊಂಡಿದ್ದೇವೆ. ದುಡ್ಡಿಗಿಂತ ಜಾಸ್ತಿ ನನ್ನನ್ನು ಕಾಡುತ್ತಿರುವುದು ಬೇರೆ. ಅದೇ ಕಾಡನ್ನು ಆತ ಇನ್ನೊಂದು ಗುಂಪಿಗೂ ಕೊಟ್ಟಿದ್ದ. ಇದು ಆಗಸ್ಟ್‌ನಲ್ಲೇ ಹೊರಗೆ ಬಂತು. ಬರದೇ ಹೋಗಿದ್ದರೆ, ಪರಸ್ಪರ ಗೊತ್ತೇ ಇಲ್ಲದ ಎರಡು ಗುಂಪುಗಳು ಒಂದೇ ಗುಡ್ಡದಲ್ಲಿ ಬಂದೂಕು ಹಿಡಿದು ಕೂತಿರುತ್ತಿದ್ದವು.

ಊರಲ್ಲಿರುವ ಓದುಗರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಹೊಡೆಯುವುದು ಅಪರಾಧ. ಇಲ್ಲಿನ ವ್ಯವಸ್ಥೆ ಬೇರೆ. ಬಿಳಿಬಾಲದ ಜಿಂಕೆಗಳು ಇಲ್ಲಿ ಹೇರಳ. ರಾಜ್ಯದ ವನ್ಯಜೀವಿ ಇಲಾಖೆಯೇ ಲೈಸೆನ್ಸ್ ಕೊಟ್ಟು, ಯಾರು ಯಾವಾಗ ಎಷ್ಟು ಹೊಡೆಯಬಹುದು ಅಂತ ಪ್ರತಿ ವರ್ಷ ನಿಗದಿ ಮಾಡುತ್ತದೆ. ಓಹಾಯೋದಲ್ಲಿ ಇಡೀ ಸೀಸನ್‌ಗೆ ಒಬ್ಬರಿಗೆ ಕೊಂಬಿನ ಜಿಂಕೆ ಒಂದೇ. ಆ ಒಂದು ಯಾವುದಾಗಬೇಕು ಅನ್ನುವುದರಲ್ಲೇ ಬೇಟೆಗಾರರ ವರ್ಷವೆಲ್ಲ ಕಳೆಯುತ್ತದೆ. ಅದಕ್ಕೇ ಟ್ರೇಲ್ ಕ್ಯಾಮೆರಾಗೆ ಇಲ್ಲಿ ಅಷ್ಟು ಬೆಲೆ.

ಮರಕ್ಕೆ ಬೆಲ್ಟ್‌ನಿಂದ ಕಟ್ಟುವ ಪುಟ್ಟ ಡಬ್ಬಿ ಅದು. ಮೈಬಿಸಿಯಿರುವ ಪ್ರಾಣಿ ಮುಂದೆ ಹಾದರೆ ಸೆನ್ಸರ್‌ಗೆ ಗೊತ್ತಾಗಿ ಫೋಟೋ ಬೀಳುತ್ತದೆ. ಹಗಲಲ್ಲಿ ಬಣ್ಣದ ಫೋಟೋ, ಕತ್ತಲಲ್ಲಿ ಇನ್‌ಫ್ರಾರೆಡ್ ಬೆಳಕಿನ ಕಪ್ಪು ಬಿಳುಪು ಫೋಟೋ. ಸಿಮ್ ಇರುವ ಮಾದರಿಯಾದರೆ ಫೋಟೋ ಸೀದಾ ಫೋನಿಗೇ ಬರುತ್ತದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಗಳ ಪಟ್ಟೆ ಗುರುತಿಸಿ ಲೆಕ್ಕ ಹಾಕಿದ್ದು ಇಂಥದೇ ಕ್ಯಾಮೆರಾಗಳಿಂದ. ಫೋಟೋದ ಕೆಳಗೆ ಒಂದು ಪಟ್ಟಿ ಇರುತ್ತದೆ. ತಾರೀಕು, ಗಂಟೆ, ಉಷ್ಣಾಂಶ, ಜೊತೆಗೆ ಚಂದ್ರನ ಪುಟ್ಟ ಚಿತ್ರ. ಈ ಪಟ್ಟಿ ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತದೆ. ಮೋಸಗಾರರು ಬಳಸಿಕೊಳ್ಳುವುದು ಇದೇ ನಂಬಿಕೆಯನ್ನು.

ನಾವಿರುವುದು ಕೊಲಂಬಸ್ ಹತ್ತಿರ. ಗೆಳೆಯರಲ್ಲಿ ಒಬ್ಬ ಕೊಡಗಿನವನು. ಅವರ ಅಜ್ಜನ ಕಾಲದ ಬೇಟೆ ಕಥೆಗಳನ್ನು ಕೇಳುತ್ತಾ ಬೆಳೆದವನು. ಇಲ್ಲಿ ಬಂದು ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಿ, ನಮ್ಮನ್ನೂ ಸೇರಿಸಿಕೊಂಡ. 2024ರ ವಸಂತದಲ್ಲಿ ಓಹಾಯೋದಲ್ಲೇ ಇರುವ ಅಥೆನ್ಸ್ ಊರಿನ ಕಡೆಯ ಗುಡ್ಡಗಾಡಿನಲ್ಲಿ 80 ಎಕರೆ ಕಾಡು ಲೀಸ್‌ಗಿದೆ ಅಂತ ಒಂದು ಜಾಹೀರಾತು ಕಂಡಿತು. ಎಕರೆಗೆ 20 ಡಾಲರ್. ಕೇಳಿದ ತಕ್ಷಣ ಆತ ಒಂದು ಕಂತೆ ಫೋಟೋ ಕಳಿಸಿದ. ಎಲ್ಲವೂ "ಹೋದ ಸೀಸನ್‌ನವು, ಇದೇ ಜಾಗದವು". ಸಂದೇಶಗಳು ವಿನಯವಾಗಿದ್ದವು. ಲೀಸ್ ಕರಾರು, ಭೂಮಾಲೀಕನ ಸಹಿಯಿರುವ ಅನುಮತಿ ಪತ್ರ, ಮ್ಯಾಪ್‌ನಲ್ಲಿ ಗೆರೆ ಎಳೆದ ಗಡಿ, ಎಲ್ಲ ಬಂತು. ಮೊದಲು ಜಾಗ ನೋಡುತ್ತೇವೆ ಅಂದೆವು. "ಈಗ ಜಿಂಕೆ ಮರಿ ಹಾಕುವ ಸಮಯ, ಜನ ಓಡಾಡಿದರೆ ತೊಂದರೆ, ಜುಲೈ ಕಳೆದ ಮೇಲೆ ಬನ್ನಿ" ಅಂದ. ಮೇ ಕೊನೆ, ಜೂನ್‌ನಲ್ಲಿ ಇಲ್ಲಿ ಮರಿ ಹಾಕುವುದು ನಿಜವೇ. ಪ್ರಾಣಿಗಳ ಬಗ್ಗೆ ಕಾಳಜಿ ಇರುವವರಿಗೆ ಆ ಮಾತು ಬೇಗ ನಾಟುತ್ತದೆ. ಬೇರೆಯವರೂ ಕೇಳುತ್ತಿದ್ದಾರೆ ಅಂತ ಅವಸರ ಮಾಡಿ, ಫೋನ್ ಆ್ಯಪ್‌ನಲ್ಲಿ ಪೂರ್ತಿ ದುಡ್ಡು ಹಾಕಿಸಿಕೊಂಡ.

ಆಗಸ್ಟ್‌ನಲ್ಲಿ ನಮ್ಮ ಕ್ಯಾಮೆರಾ ಕಟ್ಟಲು ಹೋದೆವು. ತೊರೆ ದಾಟಿ ಏರು ಹತ್ತಿದರೆ ಒಂದು ದಪ್ಪ ಬೀಚ್ ಮರ. ಅದರ ಕೆಳಗೆ ಜಿಂಕೆ ಓಡಾಡಿದ ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಮರಕ್ಕೆ ಆಗಲೇ ಒಂದು ಕ್ಯಾಮೆರಾ ಕಟ್ಟಿತ್ತು. ಬೆಲ್ಟ್ ಹೊಸದು, ಮಡಚಿದ ಗುರುತು ಇನ್ನೂ ಹೋಗಿರಲಿಲ್ಲ. ಸ್ವಲ್ಪ ಮುಂದೆ ಇನ್ನೊಂದು. ಬೇರೆಯವರ ಕ್ಯಾಮೆರಾ ಮುಟ್ಟಬಾರದು, ಕಾರ್ಡ್ ತೆಗೆಯಬಾರದು. ಹಾಗೇ ಬಿಟ್ಟು ಕೆಳಗಿಳಿಯುತ್ತಿದ್ದಾಗ ನಾಲ್ಕು ಚಕ್ರದ ಗಾಡಿಯಲ್ಲಿ ಇಬ್ಬರು ಬಂದರು. ಅಪ್ಪ, ಮಗ. ಅವರ ಕ್ಯಾಮೆರಾ ಸಿಮ್ ಇರುವಂಥದ್ದು, ನಮ್ಮ ಫೋಟೋ ಅವರ ಫೋನಿಗೆ ಹೋಗಿತ್ತು. "ಇದು ನಾವು ಲೀಸ್‌ಗೆ ತೆಗೆದುಕೊಂಡ ಜಾಗ, ನೀವು ಯಾರು?" ಅಂತ ಕೇಳಿದರು. ಸಿಟ್ಟಿತ್ತು, ಆದರೆ ಮರ್ಯಾದೆ ಬಿಡಲಿಲ್ಲ. ನಮ್ಮ ಕರಾರು ತೋರಿಸಿದೆವು. ಅವರೂ ತಮ್ಮದನ್ನು ತೋರಿಸಿದರು. ಭೂಮಾಲೀಕನ ಹೆಸರು ಬೇರೆ ಬೇರೆ, ಫೋನ್ ನಂಬರ್ ಒಂದೇ. ಆ ಹುಡುಗ ತನ್ನ ಫೋನ್‌ನಲ್ಲಿ ಒಂದು ಫೋಟೋ ತೆಗೆದು ಮುಂದೆ ಹಿಡಿದ. ನಮಗೆ ಕಳಿಸಿದ್ದ ಅದೇ ಜಿಂಕೆ.

ಎಲ್ಲರೂ ಸೇರಿ ಪಕ್ಕದ ತೋಟದ ಮನೆಗೆ ಹೋದೆವು. ಅವರು ನಿಜವಾದ ಮಾಲಕಿಗೆ ಫೋನ್ ಹಚ್ಚಿಕೊಟ್ಟರು. ವಯಸ್ಸಾದವರು, ಬೇರೆ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದಾರೆ. ಜಾಗವನ್ನು ಯಾರಿಗೂ ಲೀಸ್‌ಗೆ ಕೊಟ್ಟೇ ಇಲ್ಲ. ನಮ್ಮ ಮೇಲೆ ಅತಿಕ್ರಮ ಪ್ರವೇಶದ ದೂರು ಕೊಡಬಹುದಿತ್ತು, ಕೊಡಲಿಲ್ಲ. ಅದು ಅವರ ದೊಡ್ಡತನ.

ಇದು ಸಣ್ಣ ವಿಷಯ ಅಲ್ಲ. ಓಹಾಯೋದಲ್ಲಿ ಖಾಸಗಿ ಜಾಗದಲ್ಲಿ ಬೇಟೆಯಾಡಲು ಮಾಲೀಕರ ಲಿಖಿತ ಅನುಮತಿ ಬೇಕೇ ಬೇಕು. 2023ರಲ್ಲಿ ಕ್ಲಿಂಟನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಒಬ್ಬರು ಹೊಡೆದ ಭಾರೀ ಕೊಂಬಿನ ಜಿಂಕೆ ದೇಶವೆಲ್ಲ ಸುದ್ದಿಯಾಯಿತು. ಆಮೇಲೆ ಅನುಮತಿ ಇಲ್ಲದ ಜಾಗದಲ್ಲಿ ಹೊಡೆದದ್ದು ಅಂತ ತನಿಖೆಯಾಗಿ, ಕೊಂಬು ಇಲಾಖೆಯ ವಶವಾಯಿತು, ಕೇಸೂ ಬಿತ್ತು. ನಕಲಿ ಸಹಿಯ ಕಾಗದ ಹಿಡಿದು ನಾವು ಡಿಸೆಂಬರ್‌ವರೆಗೆ ಅಲ್ಲಿ ಓಡಾಡಿದ್ದರೆ ಏನಾಗುತ್ತಿತ್ತು? ವೀಸಾದ ಮೇಲೆ ಇರುವವರು ಇದನ್ನು ಎರಡು ಸಲ ಯೋಚಿಸಬೇಕು. ಇನ್ನು ಥ್ಯಾಂಕ್ಸ್‌ಗಿವಿಂಗ್ ಹಬ್ಬದ (ನವೆಂಬರ್ ಕೊನೆಗೆ ಬರುತ್ತದೆ) ನಂತರದ ಸೋಮವಾರ ಬಂದೂಕಿನಿಂದ ಜಿಂಕೆ ಹೊಡೆಯಬಹುದಾದ ವಾರ ಶುರುವಾಗುತ್ತದೆ. ಕಿತ್ತಳೆ ಬಣ್ಣದ ಜಾಕೆಟ್ ಕಡ್ಡಾಯ, ನಿಜ. ಆದರೆ ಲೀಸ್ ಜಾಗ ಅಂದರೆ "ಇಲ್ಲಿ ನಾವು ಮೂವರೇ" ಅನ್ನುವ ಧೈರ್ಯದಲ್ಲಿ ಕೂತಿರುತ್ತೇವೆ, ಅಲ್ವಾ? ಆ ಧೈರ್ಯವನ್ನೇ ಆತ ಎರಡು ಕಡೆ ಮಾರಿದ್ದ.

ಆ ರಾತ್ರಿ ಕೂತು ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆವು. ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಎಲ್ಲಕ್ಕಿಂತ ಚೆಂದದ ಫೋಟೋದ ಪಟ್ಟಿಯಲ್ಲಿ 2023ರ ನವೆಂಬರ್ 12, ಸಂಜೆ 6:12 ಅಂತ ಇತ್ತು. ಪಕ್ಕದಲ್ಲಿ ತುಂಬು ಚಂದ್ರ. ಗೆಳೆಯನ ಹೆಂಡತಿ ಹಿಂದಿನಿಂದ ನೋಡಿ, "ಅವತ್ತು ದೀಪಾವಳಿ ಅಮಾವಾಸ್ಯೆ, ಹುಣ್ಣಿಮೆ ಎಲ್ಲಿಂದ ಬಂತು?" ಅಂದರು. ನಿಜ, ಆ ವರ್ಷ ಲಕ್ಷ್ಮೀ ಪೂಜೆ ನವೆಂಬರ್ 12ರ ಭಾನುವಾರವೇ. ಬಹುತೇಕ ಕ್ಯಾಮೆರಾಗಳು ಆಕಾಶ ನೋಡಿ ಚಂದ್ರನನ್ನು ಹಾಕುವುದಿಲ್ಲ. ಒಳಗಿರುವ ತಾರೀಕಿನಿಂದ ಲೆಕ್ಕ ಹಾಕಿ ಹಾಕುತ್ತವೆ. ಅಂದರೆ ಕ್ಯಾಮೆರಾದ ಗಡಿಯಾರ ತಪ್ಪಿದ್ದರೂ ತಾರೀಕು ಮತ್ತು ಚಂದ್ರ ಒಂದಕ್ಕೊಂದು ಹೊಂದಲೇಬೇಕು. ಹೊಂದುತ್ತಿಲ್ಲ ಅಂದರೆ ತಾರೀಕನ್ನು ಆಮೇಲೆ ಯಾರೋ ತಿದ್ದಿದ್ದಾರೆ. ಅದೇ ಫೋಟೋದಲ್ಲಿ ಗಂಟೆಯೂ ಬಾಯಿ ಬಿಟ್ಟಿತು. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಅಥೆನ್ಸ್ ಕಡೆ ಐದೂಕಾಲರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. 6:12ಕ್ಕೆ ಕಾಡು ಗವ್ವೆನ್ನುವ ಕತ್ತಲೆ. ಆ ಫೋಟೋದಲ್ಲಿ ಮಾತ್ರ ಎಲೆಗಳ ಬಣ್ಣ ಸಮೇತ ಹಗಲು ಬೆಳಕು.

ಇನ್ನೊಂದು "ಅಕ್ಟೋಬರ್" ಫೋಟೋದಲ್ಲಿ ಜಿಂಕೆಯ ಮೈ ಕೆಂಪು ಕಂದು, ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ಚರ್ಮ. ನಮ್ಮ ಕಡೆಯವರು ಇಲ್ಲಿ ಎಡವುವುದು ಸಹಜ. ಬಂಡೀಪುರ, ನಾಗರಹೊಳೆಯಲ್ಲಿ ನಾವು ನೋಡಿದ ಚುಕ್ಕೆ ಜಿಂಕೆಗೆ ಕೊಂಬು ಬಲಿಯಲು ಇದೇ ತಿಂಗಳು ಅಂತ ಇಲ್ಲ. ಎಳೆ ಕೊಂಬಿನ ಜಿಂಕೆ ವರ್ಷದ ಯಾವ ಕಾಲದಲ್ಲಾದರೂ ಕಾಣಸಿಗುತ್ತದೆ. ಬಿಳಿಬಾಲದ ಜಿಂಕೆ ಹಾಗಲ್ಲ. ಚಳಿಗಾಲದ ಕೊನೆಗೆ ಕೊಂಬು ಉದುರುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ, ಸೆಪ್ಟೆಂಬರ್ ಮಧ್ಯದ ಒಳಗೆ ಆ ಚರ್ಮವನ್ನು ಮರಕ್ಕೆ ಉಜ್ಜಿ ಕಳೆದುಕೊಳ್ಳುತ್ತದೆ. ಬೇಸಿಗೆಯ ಕೆಂಪು ಕೂದಲು ಹೋಗಿ ಬೂದು ಕಂದು ಬಣ್ಣ ಬರುವುದೂ ಅದೇ ಆಸುಪಾಸಿನಲ್ಲಿ. ಹಾಗಾಗಿ ಅಕ್ಟೋಬರ್‌ನ ಫೋಟೋದಲ್ಲಿ ಕೆಂಪು ಮೈ, ಎಳೆ ಕೊಂಬು ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ.

ಮೂರನೆಯದರಲ್ಲಿ ಜಿಂಕೆಯ ಬಲಗಿವಿಯ ನಡುವೆ ದುಂಡಗಿನ ತೂತು. ಇಲ್ಲಿ ಬೇಲಿಯೊಳಗೆ ಜಿಂಕೆ ಸಾಕುವ ಫಾರ್ಮ್‌ಗಳಿವೆ. ಅಲ್ಲಿ ಕಿವಿಗೆ ಬಿಲ್ಲೆ ಹಾಕುತ್ತಾರೆ. ಕಾಡಿನಲ್ಲಿ ಅಪರೂಪಕ್ಕೆ ಕಾಣುವಂಥ ಕವಲು ಕವಲಾದ ದೈತ್ಯ ಕೊಂಬು, ಜೊತೆಗೆ ಕಿವಿಯಲ್ಲಿ ಬಿಲ್ಲೆಯ ಗುರುತು ಕಂಡರೆ, ಅದು ಬೇಲಿಯೊಳಗಿನ ಪ್ರಾಣಿ ಅಂತಲೇ ಸಂಶಯ ಪಡಿ.

ಪಟ್ಟಿಯೇ ಕತ್ತರಿಸಿದ ಫೋಟೋ ಬಂದರೆ ಅದೊಂದರಿಂದಲೇ ಮೋಸ ಅಂತ ಹೇಳಲಾಗದು. ಕ್ಯಾಮೆರಾ ಕಳ್ಳರ ಭಯಕ್ಕೆ ಪ್ರಾಮಾಣಿಕರೂ ಕತ್ತರಿಸುತ್ತಾರೆ. ಆಗ ಕಾರ್ಡ್‌ನಿಂದ ತೆಗೆದ ಮೂಲ ಫೈಲ್ ಈಮೇಲ್‌ನಲ್ಲಿ ಕಳಿಸಿ ಅನ್ನಿ. ಮೆಸೇಜ್ ಆ್ಯಪ್‌ಗಳಲ್ಲಿ ಬಂದ ಫೋಟೋದೊಳಗಿನ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಮೂಲ ಫೈಲ್‌ನಲ್ಲಿ ತಾರೀಕು, ಕ್ಯಾಮೆರಾ ಮಾದರಿ ಉಳಿದಿರುತ್ತದೆ. ಫೋಟೋವನ್ನು ಇಮೇಜ್ ಸರ್ಚ್‌ಗೂ ಹಾಕಿ ನೋಡಿ. ನಾವು ಹಾಕಿದಾಗ ಒಂದು ಫೋಟೋ ಟೆಕ್ಸಸ್‌ನ ಹಳೆಯ ಜಾಹೀರಾತೊಂದರಲ್ಲಿ ಸಿಕ್ಕಿತು.

ಫೋಟೋ ಅಸಲಿ, ಜಾಗ ಅಸಲಿ, ಆದರೂ ಕೈಕೊಡುವುದುಂಟು. ಬೇಸಿಗೆಯಲ್ಲಿ ಗಂಡು ಜಿಂಕೆಗಳು ಗುಂಪಾಗಿ ಒಂದೆಡೆ ಮೇಯುತ್ತವೆ. ಕೊಂಬಿನ ಚರ್ಮ ಕಳಚಿದ ಮೇಲೆ ಗುಂಪು ಒಡೆದು, ಎಷ್ಟೋ ಜಿಂಕೆಗಳು ಬೇರೆ ಜಾಗಕ್ಕೆ ಹೋಗುತ್ತವೆ. ಆಗಸ್ಟ್ ಫೋಟೋ ತೋರಿಸಿ ನವೆಂಬರ್ ಲೀಸ್ ಮಾರುವವರನ್ನು ನಾನಂತೂ ನಂಬುವುದಿಲ್ಲ.

ಈಗ ಮುಖ್ಯ ಮಾತು. ಜಿಂಕೆ ಕ್ಯಾಮೆರಾ ಮುಂದೆ ನಿಂತಿತ್ತು ಅನ್ನುವುದರ ಹೊರತು ಫೋಟೋ ಬೇರೆ ಯಾವುದಕ್ಕೂ ಸಾಕ್ಷಿಯಲ್ಲ. ಜಾಗ ಯಾರದು ಅಂತ ಮೊದಲು ನೋಡಿ. ಊರಲ್ಲಿ ಪಹಣಿ ನೋಡದೆ ಜಮೀನಿಗೆ ಅಡ್ವಾನ್ಸ್ ಕೊಡುತ್ತೇವಾ? ಓಹಾಯೋದಲ್ಲಿ ಬಹುತೇಕ ಕೌಂಟಿಗಳ ಆಡಿಟರ್ (ಜಮೀನು, ತೆರಿಗೆ ದಾಖಲೆ ಇಡುವ ಅಧಿಕಾರಿ) ವೆಬ್‌ಸೈಟ್‌ನಲ್ಲಿ ಪಾರ್ಸಲ್ ನಂಬರ್ (ನಮ್ಮ ಸರ್ವೆ ನಂಬರ್ ಇದ್ದ ಹಾಗೆ), ಗಡಿ, ಮಾಲೀಕರ ಹೆಸರು ಪುಕ್ಕಟೆ ಸಿಗುತ್ತದೆ. ಆ ಹೆಸರು, ಕರಾರಿನಲ್ಲಿರುವ ಹೆಸರು, ದುಡ್ಡು ಹೋಗುವ ಖಾತೆಯ ಹೆಸರು ಮೂರೂ ಒಂದೇ ಇರಬೇಕು. "ಅಣ್ಣನ ಜಾಗ, ನಾನು ನೋಡಿಕೊಳ್ಳುತ್ತೇನೆ" ಅಂದರೆ ಅಣ್ಣನ ಜೊತೆಯೇ ಮಾತಾಡಿ. ಜಾಗದಲ್ಲಿ ಕಾಲಿಡದೆ ದುಡ್ಡು ಕೊಡಬೇಡಿ. ಮರಿ ಹಾಕುವ ಸಮಯ, ಹಳೆ ಲೀಸ್ ಮುಗಿದಿಲ್ಲ, ಏನೇ ಹೇಳಲಿ, ಮಾಲೀಕರ ಜೊತೆ ಅರ್ಧ ಗಂಟೆ ಬೇಲಿ ಪಕ್ಕ ನಡೆದರೆ ಯಾವ ಮರಿಗೂ ತೊಂದರೆಯಿಲ್ಲ. ಫೋಟೋದಲ್ಲಿ ಕಂಡ ಮರವನ್ನು ತೋರಿಸಿ ಅನ್ನಿ. ಕೊಂಬೆಯ ಬಾಗು, ತೊಗಟೆಯ ಗಾಯ ಎರಡು ಮರಕ್ಕೆ ಒಂದೇ ತರ ಇರುವುದಿಲ್ಲ. ಪಕ್ಕದ ಮನೆಯವರನ್ನೂ ಮಾತಾಡಿಸಿ. ಹಳ್ಳಿಯವರಿಗೆ ಯಾರ ಜಾಗದಲ್ಲಿ ಯಾರು ಬೇಟೆಗೆ ಬರುತ್ತಾರೆ ಅಂತ ಚೆನ್ನಾಗಿ ಗೊತ್ತಿರುತ್ತದೆ.

ದುಡ್ಡು ಕೊಡುವುದಾದರೆ ಚೆಕ್ ಅಥವಾ ಕ್ರೆಡಿಟ್ ಕಾರ್ಡ್. ಆ್ಯಪ್‌ನಲ್ಲಿ ನಾವೇ ಒಪ್ಪಿ ಕಳಿಸಿದ್ದನ್ನು ವಾಪಸ್ ಪಡೆಯುವುದು ಬಹಳ ಕಷ್ಟ. ನಮ್ಮದು ಬಂದಿಲ್ಲ. ಅಷ್ಟೆಲ್ಲ ತಲೆನೋವು ಬೇಡ ಅಂದರೆ ಆ ಕಡೆಯೇ ವೇಯ್ನ್ ನ್ಯಾಷನಲ್ ಫಾರೆಸ್ಟ್ ಇದೆ. ಎರಡು ಲಕ್ಷಕ್ಕೂ ಜಾಸ್ತಿ ಎಕರೆ, ಬೇಟೆ ಲೈಸೆನ್ಸ್, ಜಿಂಕೆ ಪರ್ಮಿಟ್ ಇದ್ದರೆ ಸಾಕು, ಲೀಸ್ ಬೇಕಿಲ್ಲ. ನಾವು ಆ ವರ್ಷ ಹೋಗಿದ್ದು ಅಲ್ಲಿಗೇ.

ಶೆರಿಫ್ (ಕೌಂಟಿಯ ಪೊಲೀಸ್ ಅಧಿಕಾರಿ) ಕಚೇರಿಗೂ ಎಫ್‌ಬಿಐನ ಇಂಟರ್‌ನೆಟ್ ಅಪರಾಧ ದೂರು ಕೇಂದ್ರಕ್ಕೂ ದೂರು ಕೊಟ್ಟಿದ್ದೇವೆ. ಆ ಅಪ್ಪ, ಮಗನೂ ಕೊಟ್ಟಿದ್ದಾರೆ. ಆತ ಹೆಸರು ಬದಲಿಸಿಕೊಂಡು ಮತ್ತೆ ಬರುತ್ತಾನೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಫೋಟೋಗಳನ್ನಂತೂ ಬದಲಿಸಲಿಕ್ಕಿಲ್ಲ, ಅವು ಅವನಿಗೆ ದುಡ್ಡು ತಂದಿವೆ. ಎಡಗೊಂಬಿನ ಒಂದು ಕವಲು ನೇರ ಕೆಳಗೆ ಇಳಿಬಿದ್ದಿರುವ, ಬಲಗಿವಿಯಲ್ಲಿ ತೂತಿರುವ ಜಿಂಕೆಯ ಫೋಟೋ ನಿಮಗೂ ಬಂದರೆ ದುಡ್ಡು ಹಾಕಬೇಡಿ. ಸಿಟ್ಟಿನಲ್ಲಿ ಬ್ಲಾಕ್ ಮಾಡಿ ಎಲ್ಲ ಅಳಿಸಿಯೂ ಬಿಡಬೇಡಿ. ಸಂದೇಶ, ಫೋನ್ ನಂಬರ್, ಅವನು ಕೊಟ್ಟ ಖಾತೆಯ ವಿವರ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆ ಜಾಗ ಯಾವ ಕೌಂಟಿಯದೋ ಅಲ್ಲಿನ ಶೆರಿಫ್ ಕಚೇರಿಗೆ ಅವತ್ತೇ ಕೊಡಿ.