ಹಿತ್ತಿಲ ಕೋಳಿಗಳಿಗೆ ವಿದ್ಯುತ್ ಬಲೆಬೇಲಿ: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಕೋಳಿಗಳು ಹಗಲೆಲ್ಲ ಕೆದಕಿ ಮೇಯುತ್ತಿರಬೇಕು, ಸಂಜೆ ಎಣಿಸುವಾಗ ಲೆಕ್ಕವೂ ತಪ್ಪಬಾರದು ಎಂದು ಬಯಸುವವರಿಗೆ ಇಂದು ಸಿಗುವ ಸಾಧನಗಳಲ್ಲಿ, ಎತ್ತಿ ಬೇರೆಡೆ ನೆಡಬಹುದಾದ ವಿದ್ಯುತ್ ಬಲೆಬೇಲಿಯೇ ಹೆಚ್ಚು ಉಪಯುಕ್ತವೆಂಬುದು ಹಲವು ವರ್ಷಗಳ ಬಳಕೆಯ ನಂತರ ನಾನು ತಲುಪಿರುವ ತೀರ್ಮಾನ. ಆದರೆ ಈ ಬೇಲಿ ಕಾಯುವುದು ನೆಲದ ಮೇಲೆ ನಡೆದು ಬರುವ ಶತ್ರುಗಳಿಂದ ಮಾತ್ರ; ಅದೂ ಒಡೆಯನು ಅದರ ಆರೈಕೆಯನ್ನು ತಪ್ಪದೆ ಮಾಡಿದರೆ ಮಾತ್ರ. ಬಲೆ, ಅದಕ್ಕೆ ವಿದ್ಯುತ್ ಮಿಡಿತ ಕೊಡುವ ಎನರ್ಜೈಸರ್ ಮತ್ತು ಗೂಡಿಗೆ ಅಳವಡಿಸಿದ ಸ್ವಯಂಚಾಲಿತ ಬಾಗಿಲು, ಈ ಮೂರನ್ನೂ ನಾನು ಒಟ್ಟಾಗಿಯೇ ಬಳಸುತ್ತಿರುವುದರಿಂದ ಇಲ್ಲಿಯೂ ಒಟ್ಟಾಗಿಯೇ ಪರಿಶೀಲಿಸುತ್ತೇನೆ.

ಬಲೆಯು ಸಾಮಾನ್ಯವಾಗಿ 50 ಮೀಟರ್ ಉದ್ದದ ಸುರುಳಿಯಾಗಿ, ಸುಮಾರು 106 ಅಥವಾ 122 ಸೆಂಟಿಮೀಟರ್ ಎತ್ತರದಲ್ಲಿ ಸಿಗುತ್ತದೆ. ಅಡ್ಡ ಎಳೆಗಳಲ್ಲಿ ಪ್ಲಾಸ್ಟಿಕ್ ನೂಲಿನ ಜೊತೆಗೆ ಕೂದಲಿನಷ್ಟು ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ತಂತಿಗಳನ್ನು ಹೆಣೆದಿರುತ್ತಾರೆ. ವಿದ್ಯುತ್ ಹರಿಯುವುದು ಇವುಗಳಲ್ಲಿಯೇ. ನೆಲಕ್ಕೆ ತಾಗುವ ಕೊನೆಯ ಎಳೆಯಲ್ಲಿ ಮಾತ್ರ ತಂತಿ ಇರುವುದಿಲ್ಲ. ಕಂಬಗಳು ಬಲೆಗೇ ಜೋಡಿಸಿಕೊಂಡು ಬರುವುದರಿಂದ ಒಬ್ಬರೇ ಅದನ್ನು ಕಿತ್ತು ಪಕ್ಕದ ಹುಲ್ಲಿಗೆ ಸಾಗಿಸಬಹುದು. ಒಂದು ಸುರುಳಿಯನ್ನು ಚೌಕವಾಗಿ ನೆಟ್ಟರೆ ಸುಮಾರು 156 ಚದರ ಮೀಟರ್ ಜಾಗ ಒಳಗಾಗುತ್ತದೆ, ಮೂಲೆಗಳನ್ನು ದುಂಡಾಗಿಸಿ ನೆಟ್ಟರೆ 200 ಚದರ ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ದುಂಡಗೆ ನೆಡುವುದರಲ್ಲಿ ಇನ್ನೊಂದು ಲಾಭವೂ ಇದೆ: ಮೂಲೆಗಳಲ್ಲಿ ಕಂಬಗಳು ಒಳಕ್ಕೆ ವಾಲುವುದು ಕಡಿಮೆಯಾಗುತ್ತದೆ. ಒಂದೇ ಕಡೆ ಕೋಳಿಗಳನ್ನು ಬಿಟ್ಟರೆ ನೆಲ ಬರಿದಾಗಿ, ಹಿಕ್ಕೆ ತುಂಬಿ, ಹೊಟ್ಟೆಹುಳುಗಳ ಕಾಟ ಹೆಚ್ಚುತ್ತದೆ. ಆದ್ದರಿಂದ ಜಾಗ ಬದಲಿಸುವ ಈ ಅನುಕೂಲವನ್ನು ನಾನು ರಕ್ಷಣೆಯಷ್ಟೇ ಮುಖ್ಯವೆಂದು ಎಣಿಸುತ್ತೇನೆ.

ನೋಡಲು ಬೇಲಿಯಂತಿದ್ದರೂ ಇದು ಗೋಡೆಯ ಕೆಲಸ ಮಾಡುವುದಿಲ್ಲ. ಹಸಿದ ನಾಯಿಯೊಂದು ಓಟದ ರಭಸದಲ್ಲಿ ನುಗ್ಗಿದರೆ ಈ ನೂಲಿನ ಬಲೆ ಅದನ್ನು ತಡೆಯಲಾರದು. ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ, ಅತ್ಯಲ್ಪ ಅವಧಿಯ ಒಂದು ಮಿಡಿತವನ್ನು ಬಲೆಗೆ ಕಳುಹಿಸುತ್ತದೆ. ನರಿಯೋ ನಾಯಿಯೋ ಮುಂಗುಸಿಯೋ ಕುತೂಹಲದಿಂದ ಮೂಗು ತಾಗಿಸಿದಾಗ ಆ ಮಿಡಿತ ಅದರ ಮೈಯ ಮೂಲಕ ನೆಲಕ್ಕಿಳಿದು, ಮಣ್ಣಿನ ಮೂಲಕ ಅರ್ಥಿಂಗ್ ಸರಳಿಗೆ, ಅಂದರೆ ಎನರ್ಜೈಸರಿಗೆ ಜೋಡಿಸಿ ನೆಲದಲ್ಲಿ ಹುಗಿದ ಲೋಹದ ಸರಳಿಗೆ, ಹಿಂತಿರುಗುತ್ತದೆ. ಒದ್ದೆ ಮೂಗಿಗೆ ಬಿದ್ದ ಆ ಪೆಟ್ಟನ್ನು ಪ್ರಾಣಿ ಸುಲಭವಾಗಿ ಮರೆಯುವುದಿಲ್ಲ, ಮುಂದೆ ಬಲೆಯ ಹತ್ತಿರ ಸುಳಿಯಲೂ ಹಿಂಜರಿಯುತ್ತದೆ. ಹೀಗಾಗಿ ಕೋಳಿಗಳು ಒಳಗಿರಲಿ ಇಲ್ಲದಿರಲಿ, ಬೇಲಿ ನೆಟ್ಟಿರುವಷ್ಟು ಕಾಲ ಅದರಲ್ಲಿ ವಿದ್ಯುತ್ ಇರಲೇಬೇಕು. ಸತ್ತ ಬೇಲಿಯನ್ನು ಒಮ್ಮೆ ದಾಟಿ ಅಭ್ಯಾಸವಾದ ಪ್ರಾಣಿಗೆ ಅನಂತರ ಭಯ ಕಲಿಸುವುದು ಕಷ್ಟ. ಕೋಳಿಗಳ ವಿಷಯದಲ್ಲಿ ಗರಿಗಳೇ ನಿರೋಧಕವಾಗುವುದರಿಂದ ಅವುಗಳಿಗೆ ಪೆಟ್ಟು ಬೀಳುವುದು ಜುಟ್ಟಿಗೆ ಅಥವಾ ಮುಖದ ಬರಿ ಚರ್ಮಕ್ಕೆ ತಾಗಿದಾಗ ಮಾತ್ರ. ಹೊಸದಾಗಿ ತಂದ ಹೇಂಟೆಗಳೂ ಬಹಳ ಬೇಗ ದೂರವಿರಲು ಕಲಿಯುತ್ತವೆ. ಮರಿಗಳ ಮಾತು ಬೇರೆ. ಅವು ಬಲೆಯ ಕಣ್ಣಿನೊಳಗಿಂದ ಸಲೀಸಾಗಿ ಹೊರಗೆ ನುಸುಳುತ್ತವೆ, ತಾಯಿ ಒಳಗೇ ಉಳಿದು ಕೂಗಿಕೊಳ್ಳುತ್ತದೆ. ಮರಿ ಮಾಡಿದ ಕೋಳಿಯನ್ನು ಈ ಬಲೆಯೊಳಗೆ ಬಿಡುವಂತಿಲ್ಲ. ಮರಿಗಳ ಮೈ ತುಂಬುವವರೆಗೆ ಮೇಲ್ಮುಚ್ಚಿನ ಬೇರೆ ಆವರಣ ಬೇಕು.

ಈ ಬೇಲಿಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಅರ್ಥಿಂಗಿಗೆ ಸಂಬಂಧಿಸಿದವು ಎಂದು ನನ್ನ ಅಂದಾಜು. ಕೊಂಡವರು ಎನರ್ಜೈಸರಿನ ಶಕ್ತಿಯನ್ನು ವಿಚಾರಿಸುತ್ತಾರೆ, ಬಲೆಯ ಎತ್ತರವನ್ನು ವಿಚಾರಿಸುತ್ತಾರೆ, ಜೊತೆಗೆ ಬಂದ ಗಿಡ್ಡ ಸರಳನ್ನು ಮಾತ್ರ ಸಿಕ್ಕ ಕಡೆ ಚುಚ್ಚಿ ಸುಮ್ಮನಾಗುತ್ತಾರೆ. ಮಿಡಿತವು ಮಣ್ಣಿನ ಮೂಲಕ ಹಿಂತಿರುಗಬೇಕಾದ್ದರಿಂದ ಮಣ್ಣು ಒಣಗಿದಷ್ಟೂ ಪೆಟ್ಟು ಸೌಮ್ಯವಾಗುತ್ತದೆ. ಕನಿಷ್ಠ ಒಂದು ಮೀಟರ್ ಉದ್ದದ, ಸತು ಲೇಪಿಸಿದ ಸರಳನ್ನು ತೇವ ನಿಲ್ಲುವ ಕಡೆ ಪೂರ್ತಿ ಇಳಿಸಿ, ಸಾಲದಿದ್ದರೆ ಸುಮಾರು ಮೂರು ಮೀಟರ್ ಅಂತರದಲ್ಲಿ ಇನ್ನೊಂದೆರಡು ಸರಳುಗಳನ್ನು ಸೇರಿಸುವುದು ಸರಿಯಾದ ಕ್ರಮ. ಬಿರುಬೇಸಿಗೆಯಲ್ಲಿ ನಾನು ಸರಳಿನ ಬುಡಕ್ಕೆ ನೀರು ಹಾಕುತ್ತೇನೆ; ಗಿಡಕ್ಕೆ ಹಾಕಿದಂತೆ ಸರಳಿಗೂ ಹಾಕುವುದನ್ನು ನೋಡಿ ನಕ್ಕವರುಂಟು, ಆದರೆ ವೋಲ್ಟ್ ಮಾಪಕದ ಅಂಕಿ ಏರುವುದು ಕಣ್ಣಿಗೇ ಕಾಣುತ್ತದೆ. ಸದಾ ಒಣಗಿರುವ, ಮರಳು ಅಥವಾ ಕಲ್ಲು ತುಂಬಿದ ನೆಲವಿರುವವರು ಒಂದು ಎಳೆ ಬಿಟ್ಟು ಒಂದು ಎಳೆಯನ್ನು ಅರ್ಥಿಂಗಿಗೆ ಜೋಡಿಸುವ ಬಗೆಯ ಬಲೆಯನ್ನೇ ಕೊಳ್ಳುವುದು ಒಳಿತು, ಏಕೆಂದರೆ ಅಲ್ಲಿ ಪ್ರಾಣಿಯು ಎರಡು ಎಳೆಗಳನ್ನು ಒಟ್ಟಿಗೆ ಮುಟ್ಟಿದರೆ ಮಣ್ಣಿನ ಸಹಾಯವಿಲ್ಲದೆಯೇ ಪೆಟ್ಟು ಬೀಳುತ್ತದೆ. ಮಾಪಕವನ್ನು ಬಲೆಯೊಂದಿಗೇ ಕೊಳ್ಳಬೇಕು. ಎನರ್ಜೈಸರಿನ ಟಿಕ್ ಟಿಕ್ ಸದ್ದು ಕೇಳುತ್ತಿದೆ ಎಂದ ಮಾತ್ರಕ್ಕೆ ಬೇಲಿಯ ದೂರದ ತುದಿಯಲ್ಲಿ ವಿದ್ಯುತ್ ಇದೆ ಎಂದಾಗುವುದಿಲ್ಲ. ಅಲ್ಲಿ 5000 ವೋಲ್ಟಿಗಿಂತ ಹೆಚ್ಚಿದ್ದರೆ ನಾನು ನಿಶ್ಚಿಂತನಾಗಿರುತ್ತೇನೆ. 3000ಕ್ಕಿಂತ ಕೆಳಗಿಳಿದರೆ ಕಾರಣ ತಿಳಿಯುವವರೆಗೆ ಕೋಳಿಗಳನ್ನು ಹೊರಗೆ ಬಿಡುವುದಿಲ್ಲ.

ಆ ಕಾರಣ ಹೆಚ್ಚಿನ ಸಲ ಹುಲ್ಲೇ ಆಗಿರುತ್ತದೆ. ವಿದ್ಯುತ್ ಇರುವ ಮೊದಲ ಎಳೆ ನೆಲದಿಂದ ಕೆಲವೇ ಸೆಂಟಿಮೀಟರ್ ಮೇಲಿರುವುದರಿಂದ ಅದಕ್ಕೆ ತಾಗಿದ ಒಂದೊಂದು ಎಲೆಯೂ ಸ್ವಲ್ಪ ಸ್ವಲ್ಪವಾಗಿ ಶಕ್ತಿಯನ್ನು ನೆಲಕ್ಕೆ ಸೋರಿಸುತ್ತದೆ. ಒಂದು ಎಲೆಯಿಂದ ಏನೂ ಆಗುವುದಿಲ್ಲ, ಆದರೆ ಮಳೆ ಬಿದ್ದ ವಾರದಲ್ಲಿ ಐವತ್ತು ಮೀಟರ್ ಉದ್ದಕ್ಕೂ ಚಿಗುರಿದ ಹಸಿ ಹುಲ್ಲು ಬೇಲಿಯನ್ನು ಬರಿಯ ನೂಲನ್ನಾಗಿ ಮಾಡಿಬಿಡಬಲ್ಲದು. ಬಲೆಯನ್ನು ನೆಡುವ ಮೊದಲು ಅದರ ದಾರಿಯುದ್ದಕ್ಕೂ ಒಂದು ಪಟ್ಟಿಯಷ್ಟು ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಬೇಕು, ಹುಲ್ಲು ಮತ್ತೆ ಏಳುವಷ್ಟರಲ್ಲಿ ಬಲೆಯನ್ನು ಮುಂದಿನ ಜಾಗಕ್ಕೆ ಸರಿಸಬೇಕು. ಬಲೆಯನ್ನು ಅಲ್ಲಾಡಿಸದೆ ತಿಂಗಳುಗಟ್ಟಲೆ ಒಂದೇ ಕಡೆ ಬಿಡುವ ಉದ್ದೇಶವಿರುವವರಿಗೆ ಈ ಸಾಧನ ಸೂಕ್ತವಲ್ಲವೆಂದೇ ಹೇಳುತ್ತೇನೆ. ಏರುತಗ್ಗಿನ ನೆಲದಲ್ಲಿ ಇನ್ನೊಂದು ತೊಡಕಿದೆ: ತಗ್ಗಿನಲ್ಲಿ ಬಲೆಯ ಅಡಿಗೆ ಸಂದು ಬಿಡುತ್ತದೆ, ದಿಬ್ಬದ ಮೇಲೆ ಅದೇ ಬಲೆ ಜೋತು ನೆಲ ಮುಟ್ಟುತ್ತದೆ. ತಗ್ಗಿನಲ್ಲಿ ತಳದ ಎಳೆಯನ್ನು ಗೂಟ ಹೊಡೆದು ಹಿಡಿಸುವುದು, ದಿಬ್ಬದಲ್ಲಿ ಹೆಚ್ಚಿನ ಕಂಬವೊಂದನ್ನು ಕೊಡುವುದು, ಇಷ್ಟೇ ಪರಿಹಾರ.

ಹಗುರ ಮೈಯ ತಳಿಗಳಿಗೆ 122 ಸೆಂಟಿಮೀಟರ್ ಎತ್ತರ ಒಂದು ಲೆಕ್ಕವೇ ಅಲ್ಲ. ದಪ್ಪ ಮೈಯವು ಆ ಸಾಹಸಕ್ಕೆ ಹೋಗುವುದಿಲ್ಲ. ಒಂದು ಪಕ್ಕದ ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿದರೆ ಹಾರುವಾಗ ಸಮತೋಲ ತಪ್ಪುತ್ತದೆ. ಹಳೆಯ ಗರಿ ಉದುರಿ ಹೊಸದು ಬಂದ ಮೇಲೆ ಈ ಕೆಲಸವನ್ನು ಪುನಃ ಮಾಡಬೇಕು, ಬೆಳೆಯುತ್ತಿರುವ ಗರಿಯಲ್ಲಿ ರಕ್ತವಿರುವುದರಿಂದ ಅದನ್ನು ಮಾತ್ರ ಕತ್ತರಿಸಬಾರದು. ರೆಕ್ಕೆ ಕತ್ತರಿಸಿದ ಕೋಳಿ ಆಪತ್ತಿನಲ್ಲಿ ಮರ ಹತ್ತಲಾರದು ಎಂಬುದನ್ನೂ ತೂಗಿ ನೋಡಬೇಕಾಗುತ್ತದೆ. ಎಲ್ಲವುಗಳ ರೆಕ್ಕೆಗೂ ಕತ್ತರಿ ಹಾಕುವ ಬದಲು, ಪದೇ ಪದೇ ಬೇಲಿ ಹಾರುವ ಕೋಳಿಗೆ ಮಾತ್ರ ಆ ಶಿಕ್ಷೆ ಕೊಡುವುದು ನನ್ನ ರೂಢಿ.

ಹದ್ದು ಗಿಡುಗಗಳ ಮುಂದೆ ಈ ಬೇಲಿ ಸಂಪೂರ್ಣ ನಿಷ್ಪ್ರಯೋಜಕ. ಬಯಲಾದ ಹುಲ್ಲುಗಾವಲು ನಮ್ಮ ಕಣ್ಣಿಗೆ ಚೆಂದವೆನಿಸಬಹುದು, ಕೋಳಿಗೆ ಅಲ್ಲಿ ಹಾಯೆನಿಸುವುದಿಲ್ಲ. ಕಾಡುಕೋಳಿಯ ವಂಶದ ಈ ಹಕ್ಕಿ ತಲೆಯ ಮೇಲೆ ಕೊಂಬೆ ಎಲೆಗಳಿದ್ದಾಗಲೇ ಧೈರ್ಯದಿಂದ ಮೇಯುತ್ತದೆ. ಬಲೆಯನ್ನು ಪೊದೆಗಳು ಒಳಗಾಗುವಂತೆ ನೆಡುವುದು, ಪೊದೆಗಳಿಲ್ಲದ ಕಡೆ ಹಲಗೆಯನ್ನು ನಾಲ್ಕು ಕಲ್ಲಿನ ಮೇಲಿಟ್ಟು ತಗ್ಗಾದ ಚಪ್ಪರಗಳನ್ನು ಅಲ್ಲಲ್ಲಿ ಮಾಡುವುದು, ಎಲ್ಲಿ ನಿಂತರೂ ನಾಲ್ಕು ಹೆಜ್ಜೆ ಓಡಿದರೆ ಮರೆ ಸಿಗುವಂತೆ ನೋಡಿಕೊಳ್ಳುವುದು, ಇವು ಯಾವ ಸಾಧನಕ್ಕಿಂತಲೂ ಹೆಚ್ಚು ಫಲ ಕೊಡುತ್ತವೆ. ಹೊಳೆಯುವ ತಟ್ಟೆಗಳನ್ನೂ ಬೆದರುಬೊಂಬೆಗಳನ್ನೂ ತೂಗುಹಾಕಿದರೆ ಹದ್ದುಗಳು ಸ್ವಲ್ಪ ದಿನ ದೂರವಿರುತ್ತವೆ, ಅನಂತರ ಅವುಗಳಿಗೆ ರೂಢಿಯಾಗಿಬಿಡುತ್ತದೆ. ಹುಂಜವಿದ್ದರೆ ಅದು ಒಳ್ಳೆಯ ಕಾವಲುಗಾರ. ಆಕಾಶದ ಅಪಾಯಕ್ಕೆ ಒಂದು ಕೂಗು, ನೆಲದ ಅಪಾಯಕ್ಕೆ ಇನ್ನೊಂದು ಕೂಗು ಎಂದು ಅದು ಬೇರ್ಪಡಿಸಿ ಎಚ್ಚರಿಸುತ್ತದೆ, ಹೇಂಟೆಗಳು ಮೊದಲನೆಯದಕ್ಕೆ ಮರೆಗೆ ಓಡುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನಿಂತು ಸುತ್ತ ನೋಡುತ್ತವೆ.

ರಾತ್ರಿಯ ರಕ್ಷಣೆಯನ್ನು ಈ ಬೇಲಿಗೆ ಬಿಡಲಾಗದು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ತೀರ ಕಡಿಮೆ, ಅಡ್ಡಗೋಲಿನ ಮೇಲೆ ಕುಳಿತ ಮೇಲೆ ಅದು ತಪ್ಪಿಸಿಕೊಳ್ಳಲೂ ಯತ್ನಿಸುವುದಿಲ್ಲ. ಸ್ವಯಂಚಾಲಿತ ಬಾಗಿಲು ನನಗೆ ಬಹಳ ಉಪಯೋಗಕ್ಕೆ ಬಂದಿರುವುದು ಇಲ್ಲಿ. ಗಡಿಯಾರಕ್ಕೆ ಹೊಂದಿಸಿದರೆ ಹಗಲಿನ ಉದ್ದ ಬದಲಾದಂತೆ ವೇಳೆಯನ್ನೂ ಬದಲಿಸುತ್ತಿರಬೇಕು; ಬೆಳಕಿನ ಸಂವೇದಕಕ್ಕೆ ಬಿಟ್ಟರೆ ಕಾರ್ಮೋಡ ಕವಿದ ಸಂಜೆ ಬಾಗಿಲು ಬೇಗನೆ ಮುಚ್ಚಿಕೊಂಡು ತಡವಾಗಿ ಬಂದ ಕೋಳಿ ಹೊರಗುಳಿಯಬಹುದು. ಮುಚ್ಚುವುದಕ್ಕೆ ಸಂವೇದಕ ಮತ್ತು ಒಂದಿಷ್ಟು ವಿಳಂಬ, ತೆರೆಯುವುದಕ್ಕೆ ಗಡಿಯಾರ ಎಂಬ ಹೊಂದಾಣಿಕೆ ನನಗೆ ಸರಿಬಂದಿದೆ. ನಸುಕಿನಲ್ಲಿ ನರಿಗಳ ಓಡಾಟ ಹೆಚ್ಚಿರುವುದರಿಂದ ಬಾಗಿಲನ್ನು ತಡವಾಗಿ ತೆರೆಯಿಸುತ್ತೇನೆ. ಹೆಚ್ಚಿನ ಮೊಟ್ಟೆಗಳು ಬೆಳಗಿನ ಹೊತ್ತು ಗೂಡಿನಲ್ಲೇ ಬೀಳುತ್ತವೆ ಎಂಬುದು ಇದರ ಇನ್ನೊಂದು ಪ್ರಯೋಜನ. ಲೋಹದ ಹಲಗೆಯಿರುವ, ಅಂಚುಗಳು ಚೌಕಟ್ಟಿನ ತೋಡಿನೊಳಗೆ ಹುದುಗಿ ಪಂಜಕ್ಕೆ ಹಿಡಿತ ಸಿಗದಂತಿರುವ, ನಡುವೆ ಕೋಳಿ ಸಿಕ್ಕಿಕೊಂಡರೆ ತಾನಾಗಿ ನಿಲ್ಲುವ ಬಾಗಿಲನ್ನೇ ಆರಿಸಬೇಕು. ಆ ತೋಡಿನಲ್ಲಿ ಹುಲ್ಲುಕಡ್ಡಿ ಕುಳಿತರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಸಂಜೆ ಹೋಗಿ ನೋಡುವ ಕೆಲಸವನ್ನು ಈ ಯಂತ್ರ ತಪ್ಪಿಸಿಲ್ಲ, ಅದರ ಹೊತ್ತನ್ನು ಮಾತ್ರ ನನ್ನ ಅನುಕೂಲಕ್ಕೆ ಬಿಟ್ಟಿದೆ. ಗೂಡಿನ ಕಿಟಕಿಗಳಿಗೆ ತೆಳುವಾದ ಚಿಕನ್ ಮೆಶ್ ಸಾಲದು, ನಾಯಿ ಅದನ್ನು ಹಲ್ಲಿನಿಂದಲೇ ಹರಿಯಬಲ್ಲದು. 13 ಮಿಲಿಮೀಟರ್ ಕಣ್ಣಿನ ಬೆಸುಗೆ ಜಾಲರಿ ಬೇಕು. ಅದೇ ಜಾಲರಿಯನ್ನು ಗೂಡಿನ ಸುತ್ತ ಹೊರಮುಖವಾಗಿ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿದರೆ ಗೋಡೆಯ ಬುಡದಲ್ಲಿ ಬಿಲ ತೋಡುವ ಪ್ರಾಣಿಗಳೂ ಸೋಲುತ್ತವೆ.

ಈ ಬಲೆಯ ಬಗ್ಗೆ ನನ್ನ ಮನಸ್ಸಿಗೆ ಒಪ್ಪದ ಸಂಗತಿಯೊಂದಿದೆ. ಕಪ್ಪೆ, ಆಮೆ, ಮುಳ್ಳಿಲಿಗಳಂಥ ನಿರಪರಾಧಿ ಪ್ರಾಣಿಗಳು ವಿದ್ಯುತ್ ಇರುವ ಕೆಳಗಿನ ಎಳೆಗೆ ತಾಗಿದಾಗ ಓಡಿಹೋಗುವ ಬದಲು ಅಲ್ಲಿಯೇ ಮುದುಡಿಕೊಳ್ಳುತ್ತವೆ, ಮಿಡಿತಗಳು ಒಂದರ ಹಿಂದೊಂದು ಬೀಳುತ್ತಲೇ ಇರುತ್ತವೆ. ದಿನಕ್ಕೊಮ್ಮೆಯಾದರೂ ಬೇಲಿಯ ಸುತ್ತ ನಡೆದು ನೋಡುವುದು ಇವುಗಳ ಸಲುವಾಗಿಯೂ ಅಗತ್ಯ. ಮನುಷ್ಯರ ಮಟ್ಟಿಗೆ, ಪ್ರಮಾಣೀಕೃತ ಎನರ್ಜೈಸರಿನ ಪೆಟ್ಟು ನೋವು ಕೊಡುತ್ತದೆಯೇ ಹೊರತು ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲ. ಆದರೂ ಎಚ್ಚರಿಕೆಯ ಫಲಕ ತೂಗುಹಾಕಬೇಕು, ಪುಟ್ಟ ಮಕ್ಕಳನ್ನೂ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರನ್ನೂ ದೂರವಿಡಬೇಕು. ಮನೆಯ ವಿದ್ಯುತ್ತನ್ನು ಎನರ್ಜೈಸರ್ ಇಲ್ಲದೆ ನೇರವಾಗಿ ಬೇಲಿಗೆ ಕೊಡುವುದು ಕೊಲೆಗೆ ಸಮ.

ಬಾಳಿಕೆಯಲ್ಲಿ ಎನರ್ಜೈಸರ್ ಒಂದು ದೂರಿಗೂ ಆಸ್ಪದ ಕೊಟ್ಟಿಲ್ಲ, ಬಲೆ ಕೊಟ್ಟಿದೆ. ಕಲ್ಲುನೆಲದಲ್ಲಿ ಕಂಬಗಳ ಬುಡದ, ನೆಲಕ್ಕೆ ಚುಚ್ಚುವ ಮೊಳೆ ಬಾಗುತ್ತದೆ. ಮಡಚಿ ಬಿಡಿಸಿದಷ್ಟೂ ಎಳೆಯೊಳಗಿನ ಸೂಕ್ಷ್ಮ ತಂತಿಗಳು ಒಂದೊಂದಾಗಿ ತುಂಡಾಗುತ್ತವೆ, ನೂಲು ಮಾತ್ರ ಅಖಂಡವಾಗಿ ಕಾಣುತ್ತಿರುವುದರಿಂದ ದೋಷ ಹುಡುಕುವುದು ತಾಳ್ಮೆಯ ಕೆಲಸ. ಹರಿದ ಎಳೆಯನ್ನು ಗಂಟು ಹಾಕುವಾಗ ಎರಡೂ ಕಡೆಯ ತಂತಿ ತಂತಿಗೇ ತಾಗುವಂತೆ ಸುತ್ತಬೇಕು. ಮತ್ತೊಮ್ಮೆ ಕೊಳ್ಳುವ ಸಂದರ್ಭ ಬಂದರೆ 122 ಸೆಂಟಿಮೀಟರ್ ಎತ್ತರದ್ದನ್ನೇ, ಕಂಬಕ್ಕೆ ಜೋಡಿ ಮೊಳೆಗಳಿರುವುದನ್ನೇ ಕೊಳ್ಳುತ್ತೇನೆ. ಬಲೆಯ ಉದ್ದಕ್ಕೆ ಬೇಕಾದದ್ದಕ್ಕಿಂತ ಒಂದು ಮಟ್ಟ ಹೆಚ್ಚಿನ ಶಕ್ತಿಯ ಎನರ್ಜೈಸರನ್ನು ಆರಿಸುತ್ತೇನೆ. ಹಿತ್ತಿಲು ತೀರ ಚಿಕ್ಕದಾಗಿ, ಬಲೆಯನ್ನು ಸರಿಸಲು ಎರಡನೆಯ ಜಾಗವೇ ಇಲ್ಲದವರು ಇದೇ ಹಣವನ್ನು ಮೇಲೂ ಸುತ್ತಲೂ ಜಾಲರಿ ಹಾಕಿದ ಒಂದು ಶಾಶ್ವತ ಆವರಣಕ್ಕೆ ವಿನಿಯೋಗಿಸುವುದು ಮೇಲು.