ಮಳೆಗೆ ಒಂದು ಕೀ, ಗುಡುಗಿಗೆ ಇನ್ನೊಂದು

ಕೊಡವರ ಮಳೆತಿಂಗಳಾದ ಕಕ್ಕಡದ ಮಳೆಯಲ್ಲಿ ಸಂಜೆ ಮನೆಯಿಂದ ಹೊರಬೀಳಲು ನಮಗಿರುವ ನೆಪವೆಂದರೆ ನಾಟಕದ ತಾಲೀಮು. ಕೊಡಗಿನ ನಾಪೋಕ್ಲು ಬಳಿಯ ನಮ್ಮೂರಿನಲ್ಲಿ ಕೈಲ್ ಮುಹೂರ್ತ ಹಬ್ಬದ ಆಟೋಟ ಮುಗಿದ ಮೇಲೆ, ಸೆಪ್ಟೆಂಬರ್ 3ರ ರಾತ್ರಿ, ನಾಟಕ ಆಡುತ್ತೇವೆ. ನನಗೆ ಅಭಿನಯ ಬಾರದು. ಲ್ಯಾಪ್‌ಟಾಪ್ ಹಿಡಿದು ಸೈಡ್‌ವಿಂಗಿನಲ್ಲಿ ಕೂತು ಹಾಡು, ಸದ್ದು ಬಿಡುವ ಕೆಲಸ ನನ್ನದು. ಕತ್ತಲಲ್ಲಿ ಮೌಸ್ ಆಡಿಸುತ್ತಾ ಫೈಲು ಹುಡುಕಿ ಸಾಕಾಗಿ, ಕೀ ಒತ್ತಿದೊಡನೆ ಸದ್ದು ಬರುವ ನಾಲ್ಕು ದಾರಿಗಳನ್ನು ಈ ಸಲ ತಾಲೀಮಿನಲ್ಲೇ ಪರೀಕ್ಷಿಸಿದೆ.

ಮೊದಲನೆಯದು ವಿಂಡೋಸ್‌ನಲ್ಲೇ ಇರುವ ಸೌಲಭ್ಯ. ಹಾಡಿನ ಶಾರ್ಟ್‌ಕಟ್ ಅನ್ನು ಡೆಸ್ಕ್‌ಟಾಪ್‌ನಲ್ಲಿಟ್ಟು, ಅದರ ಪ್ರಾಪರ್ಟೀಸ್‌ನಲ್ಲಿ ಕಂಟ್ರೋಲ್, ಆಲ್ಟ್ ಜೊತೆಗೆ ಒಂದು ಅಕ್ಷರ ಕೊಟ್ಟರಾಯಿತು. ಆದರೆ ಪ್ಲೇಯರ್ ತೆರೆದುಕೊಂಡು ಬಾಗಿಲು ತಟ್ಟುವ ಸದ್ದು ಹೊರಡುವಷ್ಟರಲ್ಲಿ, ತಟ್ಟಬೇಕಾದವನು ಒಳಗೆ ಬಂದು ಕುರ್ಚಿಯಲ್ಲಿ ಕೂತಿರುತ್ತಿದ್ದ. ಅರ್ಧ ಗಂಟೆಗೆ ಕೈಬಿಟ್ಟೆ.

ಹಾಡು, ವಿಡಿಯೋ ನುಡಿಸುವ ವಿಎಲ್‌ಸಿ ಪ್ಲೇಯರ್ ಎಲ್ಲರ ಬಳಿಯೂ ಇರುತ್ತದೆ, ಆದರೆ ಅದರಲ್ಲಿ ಹಾಡಿಗೊಂದು ಕೀ ಕೊಡಬಹುದೆಂದು ನನಗೆ ತಿಳಿದಿರಲಿಲ್ಲ. ಪಟ್ಟಿಯಲ್ಲಿ ಹಾಡು ನುಡಿಯುತ್ತಿರುವಾಗ ಕಂಟ್ರೋಲ್ ಮತ್ತು ಎಫ್1 ಒತ್ತಿದರೆ ಗುರುತು ಬೀಳುತ್ತದೆ. ಆಮೇಲೆ ಬರೀ ಎಫ್1 ಒತ್ತಿದರೆ ಅದೇ ಹಾಡು. ಹೀಗೆ ಎಫ್10ರವರೆಗೆ ಹತ್ತು. ಮೊದಲ ದಿನ ನಾನು ಎಫ್1 ಒತ್ತಿದಾಗ ಹಾಡು ಬರಲಿಲ್ಲ, ಲ್ಯಾಪ್‌ಟಾಪೇ ಮೂಕವಾಯಿತು! ನನ್ನ ಯಂತ್ರದಲ್ಲಿ ಆ ಕೀ ಸದ್ದಡಗಿಸುವುದಕ್ಕೆ ಮೀಸಲು. ಎಫ್‌ಎನ್ ಜೊತೆಗೆ ಒತ್ತಬೇಕು. ಎರಡನೆಯ ಪೆಟ್ಟು ಇನ್ನೂ ಜೋರು. ತಾಯಿ ಸತ್ತ ದೃಶ್ಯದ ಕೊಳಲು ಮುಗಿಯುತ್ತಲೇ ವಿಎಲ್‌ಸಿ ತಾನಾಗಿ ಮುಂದಿನ ಹಾಡಿಗೆ ಹೋಯಿತು. ಅದು ಮದುವೆ ವಾಲಗ. ಹೆಣವಾಗಿ ಮಲಗಿದ್ದಾಕೆಯ ಹೊಟ್ಟೆ ಕುಲುಕುವುದು ಎಲ್ಲರಿಗೂ ಕಂಡಿತು. ಒಂದು ಹಾಡಿಗೇ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನ ಒಳಮನೆಯಲ್ಲಿ ಅಡಗಿದೆ; ಅದನ್ನು ಹುಡುಕಿಕೊಂಡ ಮೇಲಷ್ಟೇ ನೆಮ್ಮದಿ.

ಮೂರನೆಯದು ಆಟೋಹಾಟ್‌ಕೀ, ಕೀಗಳಿಗೆ ನಮಗೆ ಬೇಕಾದ ಕೆಲಸ ಹಚ್ಚುವ ತಂತ್ರಾಂಶ. ಈ ಕೀ ಒತ್ತಿದರೆ ಈ ಫೈಲು ನುಡಿಸು ಎಂದು ಒಂದೊಂದು ಸಾಲು ಬರೆದರೆ ಸಾಕು, ಕೀಗೂ ಸದ್ದಿಗೂ ನಡುವೆ ಅಂತರವೇ ತಿಳಿಯದು. ಕಂಪ್ಯೂಟರ್‌ನಲ್ಲಿದ್ದ ಹಳೆಯ 1.1 ಆವೃತ್ತಿ ಕನ್ನಡ ಹೆಸರಿನ ಫೈಲುಗಳನ್ನು ಗುರುತಿಸದೆ ಕಾಡಿತು. 2022ರಲ್ಲಿ ಬಂದ ಎರಡನೆಯ ಆವೃತ್ತಿಗೆ ಆ ತಕರಾರಿಲ್ಲ, ಆದರೆ ಹಳೆಯ ಸಾಲುಗಳನ್ನು ತಿದ್ದಿ ಬರೆಯಬೇಕಾಯಿತು. ಇದೇ ಗೆದ್ದಿತು ಎಂದುಕೊಂಡಿದ್ದೆ. ಮಳೆಯ ದೃಶ್ಯ ಬಂತು. ಮಳೆ ಬಿಟ್ಟೆ, ಚೆನ್ನಾಗಿ ಸುರಿಯಿತು. ಗುಡುಗಿನ ಕೀ ಒತ್ತಿದೆ, ಗುಡುಗಿತು, ಮಳೆ ನಿಂತೇ ಹೋಯಿತು. "ಮಳೆ ಎಲ್ಲಿ ಹೋಯಿತು ಅಣ್ಣಾ?" ಎಂದು ನಾಯಕನೇ ಸಂಭಾಷಣೆ ಬಿಟ್ಟು ಕೇಳಿದ. ಅದರ ಸೌಂಡ್‌ಪ್ಲೇ ಆಜ್ಞೆಯ ಸ್ವಭಾವವೇ ಹಾಗೆ: ಹೊಸ ಸದ್ದು ಬಂದರೆ ಹಳೆಯದು ಜಾಗ ಬಿಡಬೇಕು. ಶಾಲಾ ವಾರ್ಷಿಕೋತ್ಸವದಲ್ಲಿ ಒಂದಾದ ಮೇಲೊಂದು ನೃತ್ಯಕ್ಕೆ ಇದು ಬಲು ಅನುಕೂಲ. ನಾಟಕಕ್ಕೆ ಆಗದು.

ಮಡಿಕೇರಿ ದಸರೆಯ ಮಂಟಪಗಳ ಮಾತು ಬೇರೆ. ಅಲ್ಲಿ ಧ್ವನಿ ಮೊದಲೇ ಸಿದ್ಧವಾಗಿರುತ್ತದೆ, ಬೊಂಬೆಗಳು ಅದಕ್ಕೆ ತಕ್ಕಂತೆ ಚಲಿಸುತ್ತವೆ. ನಮ್ಮ ನಟರು ಮಾತು ಮರೆಯುತ್ತಾರೆ, ಎರಡು ಪುಟ ಹಾರುತ್ತಾರೆ. ಸದ್ದೇ ಅವರ ಹಿಂದೆ ಓಡಬೇಕು.

ಕೊನೆಗೆ ಒಗ್ಗಿದ್ದು ಸೌಂಡ್‌ಪ್ಲಾಂಟ್. ಪರದೆಯ ಮೇಲೆ ಕೀಬೋರ್ಡಿನ ಚಿತ್ರ. ಫೈಲನ್ನು ಎಳೆದು ಬೇಕಾದ ಕೀ ಮೇಲೆ ಬಿಟ್ಟರೆ ಮುಗಿಯಿತು. ಸದ್ದುಗಳನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುವುದರಿಂದ ಒತ್ತಿದ ಕ್ಷಣವೇ ಬರುತ್ತದೆ, ಮಳೆಯ ಮೇಲೆ ಗುಡುಗು, ಗುಡುಗಿನ ಮೇಲೆ ನಾಯಿ ಬೊಗಳುವುದು, ಎಲ್ಲವೂ ಒಟ್ಟಿಗೆ. ಆದರೆ ಉದ್ದನೆಯ ಹಾಡುಗಳನ್ನು ತುಂಬಿದರೆ ನನ್ನ ಹಳೆಯ ಯಂತ್ರ ಏದುಸಿರು ಬಿಡುತ್ತದೆ. ಹಾಗಾಗಿ ಹಾಡುಗಳು ವಿಎಲ್‌ಸಿಗೆ, ಸದ್ದುಗಳು ಇದಕ್ಕೆ ಎಂದು ಪಾಲು ಮಾಡಿದೆ.

ಮೈಕ್‌ಸೆಟ್ಟಿನವರ ಹುಡುಗ ತನ್ನ ಮ್ಯಾಕ್‌ಬುಕ್‌ನಲ್ಲಿ ರಂಗದ ಸದ್ದು ನಡೆಸುವ ಕ್ಯೂಲ್ಯಾಬ್ ಎಂಬ ತಂತ್ರಾಂಶ ತೋರಿಸಿದ. ಸ್ಪೇಸ್ ಬಾರ್ ಒತ್ತಿದಂತೆಲ್ಲ ಸದ್ದುಗಳು ಸಾಲಾಗಿ ಬರುತ್ತವೆ, ಎಸ್ಕೇಪ್ ಒತ್ತಿದರೆ ಮೆಲ್ಲಗೆ ಕರಗಿ ನಿಲ್ಲುತ್ತವೆ. ಆ ಕರಗುವಿಕೆ ನೋಡಿ ಹೊಟ್ಟೆ ಉರಿಯಿತು. ವಿಎಲ್‌ಸಿಯಲ್ಲಿ ನಾನು ಕಂಟ್ರೋಲ್ ಮತ್ತು ಕೆಳಬಾಣ ಕುಟ್ಟಿ ಸದ್ದು ಇಳಿಸಿದರೆ ಮೆಟ್ಟಿಲಿಳಿದಂತೆ ಕೇಳಿಸುತ್ತದೆ. ಆದರೆ ಕ್ಯೂಲ್ಯಾಬ್ ಓಡುವುದು ಮ್ಯಾಕ್‌ನಲ್ಲಿ ಮಾತ್ರ, ಅದನ್ನು ಕೊಳ್ಳುವಷ್ಟು ಕಾಫಿ ನಮ್ಮ ತೋಟದಲ್ಲಿಲ್ಲ.

ನಾಟಕದ ದಿನ ಕೀಗಳಿಗೆ ಚೀಟಿ ಅಂಟಿಸಿದೆ: ಮಳೆಗೆ 'ಮ', ಗುಡುಗಿಗೆ 'ಗು'. ಆ ರಾತ್ರಿ ಸರಿಯಾಗಿ ಅದೇ ದೃಶ್ಯಕ್ಕೆ ಸಭಾಂಗಣದ ಶೀಟುಗಳ ಮೇಲೆ ನಿಜವಾದ ಮಳೆಯೇ ಸುರಿಯತೊಡಗಿತು. 'ಮ' ಮುಟ್ಟಲಿಲ್ಲ. 'ಗು' ಮಾತ್ರ ಮೂರು ಸಲ ಒತ್ತಿದೆ.