ಹಂಚಿನ ಕಾರ್ಖಾನೆಯನ್ನು ನಾಲ್ಕು ಕಡೆ ಹುಡುಕಿದೆ

ನನ್ನ ಅಜ್ಜಿಯ ಅಮ್ಮ 1920ರ ದಶಕದಲ್ಲಿ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಹೆಂಗಸರಿಗೆ ಎಷ್ಟು ಕೂಲಿ ಕೊಡುತ್ತಿದ್ದರು? ಈ ಒಂದೇ ಪ್ರಶ್ನೆಯನ್ನು ಹಿಡಿದು ಮೂರು ತಿಂಗಳು ನಾಲ್ಕು ಕಡೆ ಹುಡುಕಿದೆ.

ಮೊದಲು ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್. 'ಮ್ಯಾಂಗಲೋರ್ ಟೈಲ್' ಎಂದು ಇಂಗ್ಲಿಷ್‌ನಲ್ಲಿ ಹಾಕಿದರೆ ಬರುವುದೆಲ್ಲ ಸಿವಿಲ್ ಎಂಜಿನಿಯರಿಂಗ್. ಒಡೆದ ಹಂಚನ್ನು ಕಾಂಕ್ರೀಟಿಗೆ ಸೇರಿಸಿದರೆ ಎಷ್ಟು ಗಟ್ಟಿ, ಮಾಡಿನ ಕೆಳಗೆ ಎಷ್ಟು ತಂಪು, ಇಂಥವು. ಕಾಂಕ್ರೀಟ್ ಎಂಬ ಪದ ಬೇಡವೆಂದು ಅದರ ಮುಂದೆ ಮೈನಸ್ ಗುರುತು ಹಾಕಿ, ಕಾರ್ಖಾನೆ ಕಟ್ಟಿದ ಕ್ರೈಸ್ತ ಸಂಸ್ಥೆ 'ಬಾಸೆಲ್ ಮಿಷನ್' ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟ ಮೇಲೆ ದಾರಿಗೆ ಬಂತು. ಸ್ಕಾಲರ್‌ನ ನಿಜವಾದ ಬಲ 'ಸೈಟೆಡ್ ಬೈ' ಕೊಂಡಿ. ಒಂದು ಒಳ್ಳೆಯ ಲೇಖನ ಸಿಕ್ಕರೆ ಸಾಕು, ಆಮೇಲೆ ಅದನ್ನು ಬಳಸಿಕೊಂಡವರೆಲ್ಲ ಅಲ್ಲಿ ಸಾಲಾಗಿ ಸಿಗುತ್ತಾರೆ. ಆದರೆ ಆ ಮೊದಲ ಲೇಖನ ಬೇಕಲ್ಲ!

ಅದು ಸಿಕ್ಕಿದ್ದು ಶೋಧಗಂಗಾದಲ್ಲಿ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಗ್ರಂಥಾಲಯಗಳ ಜಾಲ ನಡೆಸುವ ಸರ್ಕಾರಿ ಸಂಸ್ಥೆ ಇನ್‌ಫ್ಲಿಬ್‌ನೆಟ್ ಇಲ್ಲಿ ಉಚಿತವಾಗಿ ಇಟ್ಟಿದೆ. ಊರಿನ ವಿಷಯಕ್ಕೆ ಸ್ಕಾಲರ್‌ಗಿಂತ ಇದೇ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ. ಪ್ರತಿ ಅಧ್ಯಾಯಕ್ಕೂ ಬೇರೆ ಬೇರೆ ಪಿಡಿಎಫ್ ಇರುತ್ತದೆ. ನಾನು ಮೊದಲು ತೆರೆಯುವುದು ಕೊನೆಯ ಗ್ರಂಥಸೂಚಿಯನ್ನು. ಇನ್ನೊಬ್ಬರು ವರ್ಷಗಟ್ಟಲೆ ಪಟ್ಟ ಶ್ರಮ ನಾಲ್ಕೈದು ಪುಟದಲ್ಲಿ ಕೈಗೆ ಬರುತ್ತದೆ. ಒಂದೇ ತೊಂದರೆ, ಕನ್ನಡ ಪ್ರಬಂಧಗಳು. ಹಲವು ಬರೀ ಸ್ಕ್ಯಾನ್ ಚಿತ್ರಗಳು. ಇನ್ನು ಕೆಲವು 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನವು. ಒಳಗಿನ ಪದ ಹುಡುಕಿದರೆ ಏನೂ ಸಿಗುವುದಿಲ್ಲ. ಶೀರ್ಷಿಕೆ ನೋಡಿಯೇ ಆರಿಸಬೇಕು.

ಇಂಟರ್‌ನೆಟ್ ಆರ್ಕೈವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಉಚಿತವಾಗಿ ಓದಲು ಸಿಗುವ ತಾಣ ಅದು. ಹುಡುಕುವಾಗ ಪುಸ್ತಕದ ಒಳಗಿನ ಪಠ್ಯ ಎಂಬ ಆಯ್ಕೆಯನ್ನು ಒತ್ತಿ. ಇಲ್ಲದಿದ್ದರೆ ಹೆಸರು, ವಿವರ ಇಷ್ಟನ್ನೇ ಹುಡುಕುತ್ತದೆ. ಜೊತೆಗೆ ಊರಿನ ಹಳೆಯ ಹೆಸರನ್ನೂ ಹಾಕಬೇಕು. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ದಕ್ಷಿಣ ಕನ್ನಡ ಎಂದರೆ 'ಸೌತ್ ಕೆನರಾ'. 'ಮ್ಯಾಂಗಲೋರ್' ಬದಲು 'ಮಂಗಳೂರು' ಎಂಬ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿದ್ದೇ 2014ರಲ್ಲಿ, ಅದನ್ನು ಹಾಕಿದರೆ ಹಳೆಯದೇನೂ ಬಾರದು.

ಇಷ್ಟಾದರೂ ಕೂಲಿಯ ಲೆಕ್ಕ ಸಿಗಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಕಾರ್ಖಾನೆ ಶುರು ಮಾಡಿದ ಕಥೆ ಎಲ್ಲ ಕಡೆ ಇದೆ. ಮುತ್ತಜ್ಜಿಯ ಕಾಲದ್ದು ಮಾತ್ರ ಎಲ್ಲೂ ಇಲ್ಲ. ಕೊನೆಗೆ ಒಂದು ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿಯೂ 'ಬಾಸೆಲ್ ಮಿಷನ್' ಎಂದೇ ಹಾಕುತ್ತಿದ್ದೆ. ಕೌಂಟರಿನ ಮೇಡಂ ಕೇಳಿದರು, "ಯಾವ ವರ್ಷದ್ದು ಬೇಕು ನಿಮಗೆ?" ಹೇಳಿದೆ. "ಮೊದಲ ಯುದ್ಧ ಆದ ಮೇಲೆ ಅದು ಮಿಷನ್ನಿನದ್ದಲ್ಲ ಅಲ್ವಾ? ಮಿಷನ್ ಅಂತ ಹಾಕಿದ್ರೆ ಸಿಗ್ಲಿಕ್ಕಿಲ್ಲ. ಕಾಮನ್‌ವೆಲ್ತ್ ಟ್ರಸ್ಟ್ ಅಂತ ಹಾಕಿ ನೋಡಿ ಮಾರಾಯ್ರೆ."

ಮೂರು ತಿಂಗಳಲ್ಲಿ ಯಾವ ತಾಣವೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಯುದ್ಧದ ಸಮಯದಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿದ್ದರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋಗಿ ಹೆಸರೇ ಬದಲಾಯಿತು. ಹೊಸ ಹೆಸರಿಗೆ ಸಿಕ್ಕ ಪುಸ್ತಕದ ನಂಬರ್ ಹಿಡಿದು ಕಪಾಟಿಗೆ ಹೋದೆ. ಅದರ ಎಡಬಲದಲ್ಲಿದ್ದ, ನಾನು ಕೇಳಿಯೇ ಇರದ ಎರಡು ಪುಸ್ತಕಗಳೂ ನನ್ನ ವಿಷಯದವೇ. ವಿಷಯ ನೋಡಿ ಪುಸ್ತಕ ಜೋಡಿಸುವುದರ ಲಾಭ ಇದು. ಆ ಕೆಲಸಕ್ಕೇ ಒಂದು ಪದ್ಧತಿ ಕಟ್ಟಿದ ಎಸ್. ಆರ್. ರಂಗನಾಥನ್ ಅದಕ್ಕೂ ಮೊದಲು, 1917ರಲ್ಲಿ, ಇದೇ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಮೇಷ್ಟ್ರಾಗಿದ್ದರು ಎಂಬುದು ನನಗೆ ತುಂಬ ಖುಷಿ ಕೊಡುವ ಸಂಗತಿ.

ಈಗ ಹೊಸ ಹೆಸರು ಹಾಕಿ ಶೋಧಗಂಗಾ, ಸ್ಕಾಲರ್, ಆರ್ಕೈವ್ ಎಲ್ಲವನ್ನೂ ಮತ್ತೆ ಮೊದಲಿಂದ ನೋಡುತ್ತಿದ್ದೇನೆ. ಶನಿವಾರ, ಮಿಷನ್ನಿನ ಹಳೆಯ ಕಾಗದಪತ್ರಗಳಿರುವ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೆ ಹೋಗುವುದಿದೆ.